ಗುಂಡಿನ ದಾರಿಯೂ ಕಣ್ಣಿನ ದಾರಿಯೂ

"ಹೆಣ್ಣುಮಕ್ಕಳ ಕೈಗೆ ರೈಫಲ್ ಏಕೆ, ಅಮ್ಮನವರೇ?" ಎಂದು ಎನ್.ಸಿ.ಸಿ. ಶಿಬಿರದ ಕಾಲ ಬಂದಾಗಲೆಲ್ಲ ತಂದೆತಾಯಿಗಳಲ್ಲಿ ಯಾರಾದರೊಬ್ಬರು ಕೇಳುವುದುಂಟು. ಅದರಲ್ಲಿ ಹುಡುಗಿಯರ ವಿಭಾಗವು ಪ್ರಾರಂಭವಾದುದು 1949ರಲ್ಲಿ. ಪ್ರಶ್ನೆ ಮಾತ್ರ ಇನ್ನೂ ಹಳೆಯದಾಗಿಲ್ಲ. ವಾದಕ್ಕೆ ನಿಲ್ಲುವುದಕ್ಕಿಂತ, ವಿದ್ಯಾರ್ಥಿನಿಯೊಬ್ಬಳು ತಂದು ತೋರಿಸಿದ ಗುರಿಹಾಳೆಯನ್ನು ಇಲ್ಲಿ ವಿವರಿಸುವುದೇ ಮೇಲೆಂದು ತೋರುತ್ತದೆ.

ಹಾಳೆಯಲ್ಲಿ ಐದು ರಂಧ್ರಗಳಿದ್ದವು. ಐದನ್ನೂ ಒಂದು ಬೆಂಕಿಪೆಟ್ಟಿಗೆಯಿಂದ ಮುಚ್ಚಬಹುದಾಗಿತ್ತು. ಆದರೆ ಎಲ್ಲವೂ ನಡುಬಿಂದುವಿಗಿಂತ 5 ಸೆಂಟಿಮೀಟರ್ ಕೆಳಗೆ. ತನ್ನ ಕೈ ನಡುಗಿತೆಂದು ಅವಳು ಅಳುತ್ತಿದ್ದಳು. ಕೈ ನಡುಗಿದ್ದರೆ ರಂಧ್ರಗಳು ಹಾಳೆಯ ತುಂಬ ಚೆದುರುತ್ತಿದ್ದವು. ಒತ್ತಾಗಿ ಒಂದೆಡೆ ಬಿದ್ದಿರುವುದು ಕೈ ಸ್ಥಿರವಾಗಿತ್ತೆಂಬುದಕ್ಕೇ ಸಾಕ್ಷಿ. ದೋಷವು ಬೇರೆಡೆ ಇದ್ದಿತು.

ರೈಫಲಿನಲ್ಲಿ ಎರಡು ದಾರಿಗಳಿವೆ. ಕಣ್ಣಿನ ದಾರಿಯು ಹಿಂದಣ ರಂಧ್ರದಿಂದ ಹೊರಟು, ನಳಿಗೆಯ ತುದಿಯ ಮೇಲಿರುವ ಮೊನೆಯನ್ನು ಸೋಕಿ, ಗುರಿಯವರೆಗೆ ನೆಟ್ಟಗೆ ಹೋಗುತ್ತದೆ. ಗುಂಡಾದರೋ ಅದಕ್ಕಿಂತ ಕೆಳಗಿರುವ ನಳಿಗೆಯಿಂದ ಹೊರಟು, ಹೊರಬಿದ್ದ ಕ್ಷಣದಿಂದಲೇ ಭೂಮಿಯ ಸೆಳೆತಕ್ಕೆ ಒಳಗಾಗುತ್ತದೆ. ಅದು ತಾನಾಗಿ ಮೇಲೇರುವುದೆಂಬುದು ತಪ್ಪು ತಿಳಿವಳಿಕೆ. ನಳಿಗೆಯನ್ನೇ ಕಿಂಚಿತ್ತು ಮೇಲ್ಮುಖವಾಗಿ ಇರಿಸಿರುವುದರಿಂದ ಗುಂಡು ಸಾಮಾನ್ಯವಾಗಿ ಕಣ್ಣಿನ ರೇಖೆಯನ್ನು ಒಮ್ಮೆ ದಾಟಿ, ಮುಂದೆ ಇಳಿದುಬರುವಾಗ ಮತ್ತೊಮ್ಮೆ ಸಂಧಿಸುತ್ತದೆ.

ಲೆಕ್ಕವು ನಮ್ಮ ಮೇಲ್ತರಗತಿಯವರಿಗೆ ಸುಲಭ. .22 ರೈಫಲಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. 25 ಮೀಟರ್ ಕ್ರಮಿಸಲು ಸೆಕೆಂಡಿನ ಹದಿಮೂರನೆಯ ಒಂದು ಪಾಲು ಸಾಕು. ಅಷ್ಟರಲ್ಲಿ ಅದು ಸುಮಾರು 3 ಸೆಂಟಿಮೀಟರ್ ಬೀಳುತ್ತದೆ. ದೂರವು ಇಮ್ಮಡಿಯಾದರೆ ಬೀಳುವಿಕೆಯು ನಾಲ್ಮಡಿಗೂ ತುಸು ಹೆಚ್ಚು. ಆ ತುಸುವಿಗೆ ಗಾಳಿಯ ತಡೆಯೇ ಕಾರಣ.

ಈ ತಡೆಯು ಎಷ್ಟು ಪ್ರಬಲವೆಂಬುದನ್ನು 1742ರಲ್ಲಿ ಪ್ರಯೋಗಗಳಿಂದ ತೋರಿಸಿದವನು ಬೆಂಜಮಿನ್ ರಾಬಿನ್ಸ್. ಈತನು ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕಾಗಿ ನಮ್ಮ ದಕ್ಷಿಣದೇಶಕ್ಕೇ ಬಂದು 1751ರಲ್ಲಿ ಇಲ್ಲಿಯೇ ತೀರಿಕೊಂಡನೆಂಬುದನ್ನು ಬಲ್ಲವರು ವಿರಳ. ಚಾಮರಾಜಪೇಟೆಯ ಮಗ್ಗುಲಿನ ಹಳೆಯ ಕೋಟೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ನೋಡಿಯೇ ಇರುತ್ತಾರೆ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯವು ಒಳನುಗ್ಗಿದುದು ಆ ಗೋಡೆಯನ್ನು ಫಿರಂಗಿಗಳಿಂದ ಒಡೆದ ಮೇಲೆ. ಆ ಭಾರವಾದ ಗುಂಡುಗಳೂ ಈ ಹುಡುಗಿಯ ಪುಟ್ಟ ಗುಂಡಿನಂತೆಯೇ ಬೀಳುತ್ತ ಸಾಗಿದವು. ಸೆಳೆತವು ದೊಡ್ಡದು ಚಿಕ್ಕದೆಂದು ಭೇದವೆಣಿಸುವುದಿಲ್ಲ.

ಹಾಗಾದರೆ ಮಾಡತಕ್ಕುದೇನು? ಗುಂಡು ಕೆಳಗೆ ಬಿದ್ದರೆ ಹಿಂದಣ ರಂಧ್ರವನ್ನು ಮೇಲೆತ್ತಬೇಕು. ಆಗ ಗುರಿ ಹಿಡಿಯುವವಳು ತಿಳಿಯದೆಯೇ ನಳಿಗೆಯನ್ನು ಎತ್ತುತ್ತಾಳೆ. ರಂಧ್ರಕ್ಕೂ ಮೊನೆಗೂ 60 ಸೆಂಟಿಮೀಟರ್ ಅಂತರವಿದ್ದರೆ, 1 ಮಿಲಿಮೀಟರ್ ಎತ್ತಿದ ಮಾತ್ರಕ್ಕೆ 25 ಮೀಟರಿನಲ್ಲಿ ಗುಂಡು ಸುಮಾರು 4 ಸೆಂಟಿಮೀಟರ್ ಮೇಲೆ ತಾಗುತ್ತದೆ. ಆ ಹುಡುಗಿಗೆ ಬೇಕಾಗಿದ್ದುದು ಒಂದೂಕಾಲು ಮಿಲಿಮೀಟರ್, ಅಷ್ಟೆ.

ಮರುದಿನದ ಹಾಳೆಯನ್ನು ಅವಳ ತಾಯಿಯವರು ಇಟ್ಟುಕೊಂಡಿದ್ದಾರೆ. ಮೊದಲನೆಯದನ್ನು ನಾನು ವಿಜ್ಞಾನದ ತರಗತಿಗಾಗಿ ಕೇಳಿ ಪಡೆದೆನು.