ಎಂಟು ಮಂದಿ ಜಗ್ಗಿದರೆ ನಾಲ್ವರ ಬಲವೂ ಇಲ್ಲ!

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಎಂಟು ಗಟ್ಟಿಗರನ್ನು ಆರಿಸಿರಿ. ಚೀಲ ಹೊತ್ತು, ನೇಗಿಲು ಹಿಡಿದು ಮೈ ಹುರಿಗೊಂಡ ಮಂದಿಯೇ ಬೇಕು. ಒಬ್ಬೊಬ್ಬರ ಕೈಗೂ ಹಗ್ಗ ಕೊಡಿರಿ. ಒಬ್ಬೊಬ್ಬರಾಗಿ ಜಗ್ಗಲಿ. ಬಲ ಅಳೆದು ಬರೆದಿಡಿರಿ.

ಈಗ ಎಂಟೂ ಮಂದಿಗೆ ಒಂದೇ ಹಗ್ಗ!

ಎಷ್ಟು ಬಲ ಬರಬೇಕು? ಎಂಟು ಪಾಲು, ಅಲ್ಲವೇ? ಇಲ್ಲ ರೀ! ಏಳು? ಇನ್ನೂ ಇಳಿಯಿರಿ. ಆರು? ಐದು? ಇಳಿಯಿರಿ, ಇಳಿಯಿರಿ!

ನಾಲ್ಕು ಪಾಲೂ ಪೂರ್ತಿ ಬರುವುದಿಲ್ಲ!

ಇದನ್ನು ಅಳೆದವನು ಮನಶ್ಶಾಸ್ತ್ರಜ್ಞನೇ ಅಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್, ಹೆಸರು ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್. ಎತ್ತು, ಕುದುರೆ, ಯಂತ್ರ, ಮನುಷ್ಯ, ಯಾರು ಎಷ್ಟು ಎಳೆಯುತ್ತಾರೆ ಎಂಬ ಲೆಕ್ಕದಲ್ಲಿ ಮುಳುಗಿದ್ದವನು. ಪ್ರಯೋಗ ನಡೆದದ್ದು 1880ರ ದಶಕದಲ್ಲಿ. ಅಚ್ಚಾದದ್ದು 1913ರಲ್ಲಿ! ಅವನ ಪಟ್ಟಿ ನೋಡಿರಿ. ಒಬ್ಬನೇ ಇದ್ದಾಗಿನ ಬಲ 100 ಎಂದುಕೊಂಡರೆ, ಇಬ್ಬರಾದಾಗ ತಲಾ 93. ಮೂವರಾದಾಗ 85. ನಾಲ್ವರಿಗೆ 77. ಎಂಟು ಮಂದಿಗೆ ಬಂದಾಗ ತಲಾ 49!

ಅರ್ಧಕ್ಕಿಂತ ಕಡಿಮೆ!

‘ಯಾರೋ ಮೈಗಳ್ಳರು ಸೇರಿಕೊಂಡಿದ್ದಾರೆ’ ಎಂದಿರಾ? ತಡೆಯಿರಿ. ಅದೇ ಎಂಟು ಮಂದಿ. ಒಂಟಿಯಾಗಿ ಜಗ್ಗಿದಾಗ ಎಲ್ಲರೂ ಹುಲಿಗಳೇ. ಹಾಗಾದರೆ ಹಗ್ಗ ಜಗ್ಗುವಾಗ ತಾಳ ತಪ್ಪಿತೇ? ರಿಂಗಲ್‌ಮನ್ ಒತ್ತು ಕೊಟ್ಟದ್ದು ಈ ಕಾರಣಕ್ಕೇ. ನಮ್ಮ ಕಡೆ ಭಾರದ ಕಲ್ಲು ಸರಿಸುವಾಗ ಒಬ್ಬ ಕೂಗು ಹಾಕುತ್ತಾನೆ, ಉಳಿದವರು ದನಿಗೂಡಿಸಿ ಒಮ್ಮೆಗೇ ಬಲ ಹಾಕುತ್ತಾರೆ. ತಾಳ ತಪ್ಪದಿರಲೆಂದೇ ಆ ಕೂಗು.

ಆದರೆ ತಾಳ ಕೂಡಿದರೂ ಉಳಿಯುವ ಸೋರಿಕೆ ಒಂದಿದೆ! 1974ರಲ್ಲಿ ಅಮೆರಿಕದ ಅಲನ್ ಇಂಗಮ್ ಮತ್ತು ಸಂಗಡಿಗರು ಒಂದು ಕಿತಾಪತಿ ಮಾಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂದೆ ನಿಲ್ಲಿಸಿದರು. ಹಿಂದೆ ನಿಂತವರು ಬರೀ ನಟನೆಯವರು, ಒಬ್ಬರೂ ಜಗ್ಗುವುದಿಲ್ಲ. ಈತನೊಬ್ಬನೇ ಜಗ್ಗುವುದು. ಆದರೆ ಹಿಂದೆ ಮಂದಿ ಇದ್ದಾರೆಂದು ನಂಬಿದ್ದಾನೆ.

ಬಲ ಇಳಿದೇ ಇಳಿಯಿತು!

ಅವನಿಗೆ ಅದರ ಸುಳಿವೂ ಇರಲಿಕ್ಕಿಲ್ಲ. ಕೇಳಿದರೆ ಆಣೆ ಮಾಡಿ ಹೇಳಿಯಾನು, ಪೂರ್ತಿ ಜಗ್ಗಿದೆ ಅಂತ. ಮೈಗಳ್ಳತನ ಅವನೊಳಗೆ ಇರಲಿಲ್ಲ ರೀ! ಹಿಂದೆ ಮಂದಿ ಇದ್ದಾರೆಂಬ ನಂಬಿಕೆಯಲ್ಲಿತ್ತು. ಆಫೀಸಿನಲ್ಲಿ, ಸೊಸೈಟಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ನಾವು ದಿನಾ ‘ಅವನ ಸ್ವಭಾವವೇ ಅಂಥದ್ದು’ ಎಂದು ಬೈದು ಮುಗಿಸುವ ಜಗಳಗಳಿವೆಯಲ್ಲ, ಅವುಗಳಲ್ಲಿ ಸ್ವಭಾವಕ್ಕಿಂತ ಹೊಂದಿಕೆಯ ಪಾಲು ಎಷ್ಟು ದೊಡ್ಡದು ಗೊತ್ತೇ? ಅಂಥ ಹೊಂದಿಕೆಯನ್ನು ಹತ್ತಿರದಿಂದ ನೋಡಿದ್ದು ಎಲ್ಲಿ, ಹೇಳಿರಿ ನೋಡೋಣ.

ನಮ್ಮದೇ ರಾಜ್ಯದಲ್ಲಿ!

ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ! ಸವದತ್ತಿ, ರಾಮದುರ್ಗ, ಬೈಲಹೊಂಗಲದ ಕಡೆಯಿಂದ ರಾತ್ರಿ ಬಸ್ ಹತ್ತಿ ಹೋಗಿ ಹೊಲಿಗೆ ಮಷೀನಿನ ಮುಂದೆ ಕುಳಿತವರು ನಿಮ್ಮ ಓಣಿಯಲ್ಲೂ ಒಬ್ಬಿಬ್ಬರು ಇದ್ದಾರು. ಅಂಥ ಫ್ಯಾಕ್ಟರಿಗಳೊಳಗೇ ಅಚ್ಯುತ ಅಧ್ವರ್ಯು, ಅನಂತ್ ನೈಷಧಂ, ನಮ್ರತಾ ಕಾಲಾ ಮೊದಲಾದ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಫ್ಯಾಕ್ಟರಿಗಳು ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯವು.

ಮೊದಲು ಲೈನ್ ಸೂಪರ್‌ವೈಸರ್‌ಗಳ ಗುಟ್ಟು ಕೇಳಿರಿ!

ಬೆಳಿಗ್ಗೆ ಬಂದು ನೋಡಿದರೆ ಲೈನಿನಲ್ಲಿ ಹಲವು ಮಷೀನು ಖಾಲಿ. ಒಬ್ಬಾಕೆಗೆ ಜ್ವರ, ಇನ್ನೊಬ್ಬಾಕೆ ಊರಿಗೆ. ಟಾರ್ಗೆಟ್ ಮಾತ್ರ ಅಷ್ಟೇ! ಆಗ ಸೂಪರ್‌ವೈಸರ್ ಏನು ಮಾಡುತ್ತಾನೆ? ಪಕ್ಕದ ಲೈನಿನವನ ಬಳಿ ಹೋಗಿ, ಇವತ್ತೊಂದು ದಿನ ಒಬ್ಬ ಟೈಲರನ್ನು ಕೊಡು ಎನ್ನುತ್ತಾನೆ. ಕಾಗದವಿಲ್ಲ. ಬಾಡಿಗೆಯಿಲ್ಲ. ಮುಂದೆ ಅವನ ಲೈನ್ ಸೊರಗಿದ ದಿನ ಇವನು ಕೊಡಬೇಕು.

ಗುರುತು ಸಿಕ್ಕಿತೇ? ಮುಯ್ಯಾಳು! ಕಳೆ ತೆಗೆಯಲು ಇಂದು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಮಲಪ್ರಭೆಯ ದಂಡೆಯ ಆ ಪದ್ಧತಿ ಟ್ಯೂಬ್‌ಲೈಟಿನ ಕೆಳಗೆ, ರಫ್ತಿನ ಅಂಗಿಗಳ ನಡುವೆ ನಡೆದಿದೆ! ಪಂಡಿತರು ಇದಕ್ಕೆ ‘ಸಂಬಂಧದ ಒಪ್ಪಂದ’ ಎಂದು ಗಂಭೀರವಾದ ಹೆಸರಿಟ್ಟಿದ್ದಾರೆ, ಇಟ್ಟುಕೊಳ್ಳಲಿ.

ಈಗ ಊಹಿಸಿರಿ. ಫ್ಲೋರಿನ ತುಂಬ ಲೈನ್‌ಗಳು. ಪ್ರತಿ ಲೈನಿಗೂ ಒಂದಲ್ಲ ಒಂದು ದಿನ ಆಳಿನ ಕೊರತೆ. ಎಲ್ಲರೂ ಎಲ್ಲರಿಗೂ ಕೊಟ್ಟು ತೆಗೆದುಕೊಂಡರೆ ಎಲ್ಲರಿಗೂ ಲಾಭ. ಒಬ್ಬ ಸೂಪರ್‌ವೈಸರ್ ನಿಜವಾಗಿ ಎಷ್ಟು ಮಂದಿಯ ಜತೆ ಮುಯ್ಯಿ ಇಟ್ಟುಕೊಂಡಿರುತ್ತಾನೆ? ಎಲ್ಲರ ಜತೆ? ಅರ್ಧದಷ್ಟು?

ಬೆರಳೆಣಿಕೆಯಷ್ಟು ಮಂದಿಯ ಜತೆ ಮಾತ್ರ!

ನಾಲ್ಕು ಹೆಜ್ಜೆ ಆಚೆ ಬಿಡುವಾಗಿರುವ ಕೈಗಳಿವೆ. ಇವನು ಕೇಳುವುದಿಲ್ಲ. ಅವನು ಕೊಡುವುದಿಲ್ಲ. ಇನ್ನೂ ಸೋಜಿಗ ಇದೆ! ಆ ಬೆರಳೆಣಿಕೆಯವರಲ್ಲಿ ಮುಖ್ಯ ಗೆಳೆಯನೇ ನೌಕರಿ ಬಿಟ್ಟು ಹೋದನೆನ್ನಿ, ಇವನು ಆಳನ್ನು ಸಾಲ ತರುವ ದಾರಿಯೂ ಸೊರಗುತ್ತದೆ. ಲೈನ್ ಅಲ್ಲೇ ಇದೆ, ಮಷೀನು ಅಲ್ಲೇ ಇವೆ, ಟೈಲರ್‌ಗಳೂ ಅಲ್ಲೇ. ಹೋದದ್ದು ಒಂದು ಸ್ನೇಹ! ‘ಆ ಲೈನಿನವರು ಸಹಕಾರ ಕೊಡುವುದಿಲ್ಲ ಸಾರ್’ ಎಂಬ ದೂರು ಮ್ಯಾನೇಜರ್ ಟೇಬಲ್ಲಿಗೆ ಬರುತ್ತದಲ್ಲ, ಅದರ ಬೇರು ದ್ವೇಷದಲ್ಲೇ ಇರಬೇಕಿಲ್ಲ. ಚಹಾ ಹಂಚಿಕೊಳ್ಳದ ದೂರ ಸಾಕು.

ಅಂಥ ದೂರ ಕಂಡ ಮ್ಯಾನೇಜರ್ ಏನು ಮಾಡುತ್ತಾನೆ? ‘ಲೈನ್ ಲೈನ್ ನಡುವೆ ಪೈಪೋಟಿ ಇಡೋಣ, ಹುರುಪು ಬರುತ್ತದೆ’ ಎನ್ನುತ್ತಾನೆ!

ಬೇಡ ರೀ! ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಯುವಕರನ್ನು ಆರಿಸಿಕೊಂಡು, ಅವರಲ್ಲಿ ಹಲವರಿಗೆ ಕ್ರಿಕೆಟ್ ಲೀಗ್ ನಡೆಸಿದ. ಬೇರೆ ಬೇರೆ ಜಾತಿಯ ಹುಡುಗರು. ಕೆಲವರನ್ನು ಚೀಟಿ ಎತ್ತಿದ ಹಾಗೆ ಒಂದೇ ತಂಡದಲ್ಲಿ ಬೆರೆಸಿದ, ಕೆಲವರನ್ನು ಎದುರಾಳಿಗಳಾಗಿಸಿದ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರು ಬದುರು ನಿಂತವರಲ್ಲಿ? ಜಾತಿ ಮೀರಿದ ಒಡನಾಟ ಸೊರಗುವ ಕಡೆಗೇ ವಾಲಿತು! ಮೈದಾನ ಅದೇ, ಚೆಂಡು ಅದೇ. ನಿಲ್ಲಿಸಿದ ಜಾಗ ಬೇರೆ, ಅಷ್ಟೇ. 2021ರಲ್ಲಿ ಇದು ಪ್ರಕಟವಾಯಿತು.

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಪ್ರಯೋಗಕ್ಕೆ ಬರೋಣ!

ಮತ್ತೆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ. ವರ್ಷ 2016. ಕನಿಷ್ಠ ವೇತನ ಏರಿತು. ಖುಷಿಯ ಸುದ್ದಿ, ಅಲ್ಲವೇ? ಅಲ್ಲ! ಕೆಲಸಗಾರರು ಇನ್ನೂ ಹೆಚ್ಚು ಏರುತ್ತದೆಂದು ಕಾದಿದ್ದರು. ಕೈಗೆ ಹೆಚ್ಚು ದುಡ್ಡು ಬಂದೂ ಮುಖ ಸಪ್ಪೆ. ನೌಕರಿ ಬಿಡುವವರು ಬಿಡತೊಡಗುವ ಹೊತ್ತು.

ಆಗ ಅಧ್ವರ್ಯು, ನೈಷಧಂ ಮತ್ತು ತೆರೇಸಾ ಮೊಲಿನಾ ಏನು ಕೊಟ್ಟರು? ಬೋನಸ್ಸೇ? ರಜೆಯೇ? ಊಟದಲ್ಲಿ ಸಿಹಿಯೇ?

ಒಂದು ಪ್ರಶ್ನಾವಳಿ!

ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿದರು. ಹೆಸರು ಬೇಡ, ಕೆಲಸ ಹೇಗಿದೆ ಹೇಳಿ ಎಂದರು. ಸೂಪರ್‌ವೈಸರ್ ಹೇಗೆ? ಸಂಬಳ ಸಮಾಧಾನವೇ? ಒಟ್ಟಾರೆ ನೆಮ್ಮದಿಯೇ? ಇಷ್ಟೇ! ಕೂಲಿ ಮತ್ತೆ ಒಂದು ಪೈಸೆಯೂ ಏರಲಿಲ್ಲ. ಸೂಪರ್‌ವೈಸರ್ ಬದಲಾಗಲಿಲ್ಲ. ಉಳಿದವರನ್ನು ಯಾರೂ ಕೇಳಲಿಲ್ಲ.

ಎಷ್ಟು ಫರಕು ಬಿದ್ದಿರಬಹುದು? ನೂರಕ್ಕೆ ಒಂದು? ಎರಡು?

ಪ್ರಶ್ನಾವಳಿ ಸಿಕ್ಕವರಲ್ಲಿ ನೌಕರಿ ಬಿಡುವ ಸಂಭವ ಸುಮಾರು ಐದನೇ ಒಂದು ಭಾಗ ಕುಸಿಯಿತು! ಗೈರುಹಾಜರಿಯೂ ತಗ್ಗಿತು! ಅದೂ ಯಾರಲ್ಲಿ ಹೆಚ್ಚು? ಅತಿ ಹೆಚ್ಚು ನಿರಾಶರಾದವರಲ್ಲಿ! ಹೆಚ್ಚು ಸಿಟ್ಟಿದ್ದವರನ್ನೇ ಆ ಪ್ರಶ್ನಾವಳಿ ಹೆಚ್ಚು ಹಿಡಿದು ನಿಲ್ಲಿಸಿತು!

ಇದರ ಹಿಂದಿನ ಮಾದರಿ ಆಲ್ಬರ್ಟ್ ಹರ್ಷ್‌ಮನ್‌ನದು, 1970ರ ಪುಸ್ತಕ. ಅಸಮಾಧಾನಕ್ಕೆ ಎರಡು ಬಾಗಿಲು ಎಂದ ಆತ. ಒಂದು, ಬಿಟ್ಟು ಹೋಗುವುದು. ಇನ್ನೊಂದು, ದನಿ ಎತ್ತುವುದು. ಹೊಳೆದದ್ದು ಎಲ್ಲಿ ಅನ್ನುತ್ತೀರಿ? ನೈಜೀರಿಯಾದ ರೈಲ್ವೆಯನ್ನು ಕಂಡಾಗ! ರೈಲು ಕೆಟ್ಟಿತು. ದೂರು ಕೊಡಬೇಕಾದವರೆಲ್ಲ ಸುಮ್ಮನೆ ಲಾರಿಯತ್ತ ಹೊರಳಿದರು. ಬೈಯುವವರೇ ಹೋದ ಮೇಲೆ ರೈಲನ್ನು ತಿದ್ದುವವರು ಯಾರು? ಅದು ಇನ್ನಷ್ಟು ಕೆಟ್ಟಿತು! ಎದುರು ಕುಳಿತು ಜಗಳವಾಡುವ ನೌಕರ ಇನ್ನೂ ನಿಮ್ಮವನೇ ರೀ. ತೆಪ್ಪಗಿರುವವನು ಮನಸ್ಸಿನಲ್ಲೇ ಚೀಲ ಕಟ್ಟಿರುತ್ತಾನೆ.

(ಈ ಪ್ರಯೋಗವನ್ನು ಕೆಲವು ಮಾಲೀಕರಿಗೆ ತೋರಿಸಲು ನನಗೆ ಹೆದರಿಕೆ. ‘ಹಾಗಾದರೆ ಕೂಲಿ ಬೇಡ, ಹಾಳೆ ಕೊಡೋಣ’ ಎಂದಾರು! ಒಮ್ಮೆ ಕೇಳಿ ಕಿವಿ ಮುಚ್ಚಿಕೊಂಡರೆ ಎರಡನೇ ಸಲ ಯಾರು ನಂಬುತ್ತಾರೆ?)

ಹೆದರಿಕೆಗೆ ಕಾರಣವೂ ಇದೆ. ಬೆಂಗಳೂರಿನ ಐದು ಫ್ಯಾಕ್ಟರಿಗಳಲ್ಲಿ ಹೆಣ್ಣುಮಕ್ಕಳಿಗೆ ಒಂದು ತರಬೇತಿ ನಡೆಯಿತು. ಹೊಲಿಗೆಯದಲ್ಲ! ಮಾತಾಡುವುದು, ಸಮಯ ಹೊಂದಿಸುವುದು, ತೊಡಕು ಬಿಡಿಸುವುದು. ಧೈರ್ಯವಾಗಿ ಬಾಯಿ ಬಿಡುವುದು ಅನ್ನಿ. ಅಷ್ಟಕ್ಕೇ ಅವರ ಉತ್ಪಾದನೆ ಉಳಿದವರಿಗಿಂತ ಶೇ 13.5 ಹೆಚ್ಚಾಯಿತು! ಮಾತು ಕಲಿತವರ ಕೈ ಚುರುಕಾಯಿತು! ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ಸಿಕ್ಕ ನಿವ್ವಳ ಪ್ರತಿಫಲ? ಶೇ 256!

ಮತ್ತೆ ಆ ಹೆಣ್ಣುಮಕ್ಕಳ ಸಂಬಳ ಎಷ್ಟು ಏರಿತು? ಹೇಳಿರಿ. ಹತ್ತು? ಐದು?

ಶೇ 0.5.

ಇದಕ್ಕೆ ಆಶ್ಚರ್ಯಚಿಹ್ನೆ ಹಾಕಲು ಕೈ ಬರಲಿಲ್ಲ.

ಒಳಗೇ ಉಳಿದ ಸಿಟ್ಟು ಏನಾಗುತ್ತದೆ? ಕೊನೆಯ ಸವಾಲು, ಇದೇ ಎಲ್ಲಕ್ಕಿಂತ ರುಚಿ! ಒಂದು ಅಂಗಳದಲ್ಲಿ 100 ಮಂದಿ. ಎಲ್ಲರಿಗೂ ಸಿಟ್ಟು. ಆದರೆ ಒಬ್ಬೊಬ್ಬರ ಲೆಕ್ಕ ಒಂದೊಂದು. ಮೊದಲನೆಯವನು ಯಾರಿಲ್ಲದಿದ್ದರೂ ನುಗ್ಗುವವ. ಎರಡನೆಯವನಿಗೆ ಮುಂದೆ ಒಬ್ಬ ಬೇಕು. ಮೂರನೆಯವನಿಗೆ ಇಬ್ಬರು. ಹೀಗೇ ಸಾಗಿ, ಕೊನೆಯವನಿಗೆ 99 ಮಂದಿ ಬೇಕು. ಏನಾಗುತ್ತದೆ? ಮೊದಲನೆಯವನು ನುಗ್ಗಿದ, ಎರಡನೆಯವನು ಹಿಂದೆ, ಮೂರನೆಯವನು ಅವನ ಹಿಂದೆ. 100ಕ್ಕೆ 100!

ಈಗ ಒಬ್ಬನನ್ನು ಮಾತ್ರ ಬದಲಿಸಿರಿ. ‘ಒಬ್ಬನಿದ್ದರೆ ಸಾಕು’ ಎಂದವನು ‘ಇಬ್ಬರು ಬೇಕು’ ಎನ್ನಲಿ. ಉಳಿದ 99 ಮಂದಿ ಹಾಗೇ ಇರಲಿ. ಎಷ್ಟು ಮಂದಿ ನುಗ್ಗುತ್ತಾರೆ? 98? 50?

ಒಬ್ಬ! ಒಬ್ಬನೇ ಒಬ್ಬ!

ಎರಡನೆಯವನು ಕದಲಲಿಲ್ಲ, ಹಾಗಾಗಿ ಮೂರನೆಯವನೂ ಇಲ್ಲ, ನೂರನೆಯವನೂ ಇಲ್ಲ. ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕಟ್ಟಿದ ಮಾದರಿ ಇದು. ಪತ್ರಿಕೆಯವರು ಮೊದಲ ಗುಂಪನ್ನು ಪುಂಡರೆಂದೂ ಎರಡನೆಯದನ್ನು ಸಭ್ಯರೆಂದೂ ಬರೆಯುತ್ತಾರೆ ಎಂದು ಆತ ಚುಚ್ಚಿದ್ದ. 99 ಮಂದಿ ಅವರೇ!

ಆ ಮಾದರಿ ಬಂದು ಎರಡೇ ವರ್ಷ, ನಮ್ಮ ಕಡೆಯೂ ಅಂಥದೇ ಅಲೆ ಎದ್ದಿತು. ಮುನವಳ್ಳಿಯ ಪಕ್ಕದ ನವಿಲುತೀರ್ಥದ ಅಣೆಕಟ್ಟೆಯ ನೀರು ಕಾಲುವೆಯ ಕೊನೆಯ ಹೊಲಗಳಿಗೆ ಸರಿಯಾಗಿ ಮುಟ್ಟಿರಲಿಲ್ಲ, ಕರದ ನೋಟಿಸು ಮಾತ್ರ ಮುಟ್ಟಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದ ಭುಗಿಲೆದ್ದವು! ಅದುವರೆಗೆ ತಾಳಿಕೊಂಡಿದ್ದ ರೈತರು!

ಹಾಗೆಯೇ 2016ರ ಏಪ್ರಿಲ್ 18 ಮತ್ತು 19, ಬೆಂಗಳೂರು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರದ ಹೊಸ ನಿಯಮ. ಟಾರ್ಗೆಟ್‌ಗೆ ತಲೆ ಬಗ್ಗಿಸಿ ಹೊಲಿಯುತ್ತಿದ್ದ ಹೆಣ್ಣುಮಕ್ಕಳು ಮಷೀನು ಬಿಟ್ಟೆದ್ದರು! ಯಾವ ದೊಡ್ಡ ಯೂನಿಯನ್ನಿನ ಕರೆಯೂ ಇಲ್ಲ, ವೇದಿಕೆಯಿಲ್ಲ, ಮುಖಂಡರಿಲ್ಲ! ಒಂದು ಗೇಟಿನಿಂದ ಹೊರಬಂದವರನ್ನು ಕಂಡು ಇನ್ನೊಂದು ಗೇಟು ತೆರೆಯಿತು. ಹೊಸೂರು ರಸ್ತೆ ನಿಂತಿತು! ಮೈಸೂರು ರಸ್ತೆಯಲ್ಲೂ ಮಂದಿ! ಹತ್ತಾರು ಸಾವಿರ ಹೆಣ್ಣುಮಕ್ಕಳು! ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಯಿತು, ಬಸ್‌ಗಳು ಸುಟ್ಟವು. ಫ್ಯಾಕ್ಟರಿಯೊಳಗೆ ದಿನಾ ಅವರನ್ನು ಎಣಿಸುತ್ತಿದ್ದವರು ಪೀಸು ಎಣಿಸಿದ್ದರು. ಯಾರಿಗೆ ಮುಂದೆ ಎಷ್ಟು ಮಂದಿ ಬೇಕು ಎಂಬ ಆ ಇನ್ನೊಂದು ಸಂಖ್ಯೆಯನ್ನು ಯಾರು ಎಣಿಸಿದ್ದರು?

ದೆಹಲಿ ಎಷ್ಟು ದಿನ ತಡೆದೀತು ಅನ್ನುತ್ತೀರಿ? ಒಂದು ತಿಂಗಳು? ಒಂದು ವಾರ?

ಎರಡನೆಯ ದಿನವೇ, ಏಪ್ರಿಲ್ 19ರಂದು, ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮವನ್ನು ವಾಪಸು ಪಡೆದರು!