ಅಹರ್ಗಣವೂ ಗಣಕಯಂತ್ರದ ಸಂಖ್ಯಾಮಿತಿಯೂ

ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಸಂಸ್ಥೆಯು ಭಾರತದ ವ್ಯೋಮನೌಕೆಗಳ ಗತಿಯನ್ನು ಅನುಸರಿಸಿ ಗಣಿಸುವ ಕೇಂದ್ರವಾಗಿದೆ. 2014ನೆಯ ಸೆಪ್ಟೆಂಬರ್ 24ರಂದು ಮಂಗಳಯಾನವು ಕುಜನ ಕಕ್ಷೆಯನ್ನು ಸೇರಿದಾಗ ಅದು ಭೂಮಿಗೆ ಸುಮಾರು 22 ಕೋಟಿ ಕಿಲೋಮೀಟರು ದೂರದಲ್ಲಿದ್ದಿತು. ಇಷ್ಟು ದೂರವನ್ನು ರೇಡಿಯೋ ಸಂಕೇತವು ಹೋಗಿಬರುವ ಕಾಲದಿಂದಲೇ ತಿಳಿಯಬೇಕು. ಆದುದರಿಂದ ಕಾಲದಲ್ಲಿ ಸೇರಿದ ದೋಷವು ದೂರದ ದೋಷವಾಗಿ ಪರಿಣಮಿಸುವುದು. ಈ ದೋಷವು ಅಳೆಯುವ ಉಪಕರಣದಿಂದ ಮಾತ್ರವಲ್ಲ, ಸಂಖ್ಯೆಯನ್ನು ಬರೆದಿಡುವ ಕ್ರಮದಿಂದಲೂ ಹುಟ್ಟಬಹುದು.

ಗಣಕಯಂತ್ರವು ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ, ನಿಯತವಾದಷ್ಟು ಅಂಕಗಳಿಂದ ಮಾತ್ರ ಬರೆದುಕೊಳ್ಳುತ್ತದೆ. ಬಿಂದುವು ಬೇಕಾದೆಡೆಗೆ ಸರಿಯುತ್ತದೆ. ಇದಕ್ಕೆ ಫ್ಲೋಟಿಂಗ್ ಪಾಯಿಂಟ್ ಪದ್ಧತಿಯೆಂದು ಹೆಸರು. 1985ರ ಐಇಇಇ 754 ನಿಯಮದಂತೆ ‘ಡಬಲ್’ ಎಂಬ ಸಂಖ್ಯೆಗೆ 53 ಅಂಕಗಳು. ಎಂದರೆ ದಶಮಾನದ ಸುಮಾರು 16 ಸ್ಥಾನಗಳು. 1980ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 8087 ಎಂಬ ಯಂತ್ರಾಂಗದ ವಿಸ್ತೃತ ಸಂಖ್ಯೆಗಾದರೋ 64 ಅಂಕಗಳು, ಸುಮಾರು 19 ಸ್ಥಾನಗಳು. ಪೂರ್ಣಾಂಶವು ದೊಡ್ಡದಾದಷ್ಟೂ ಭಿನ್ನಾಂಶಕ್ಕೆ ಉಳಿಯುವ ಸ್ಥಾನಗಳು ಕಡಮೆಯಾಗುವುವು.

ಉದಾಹರಣೆಗೆ, ಪಾಶ್ಚಾತ್ಯ ಜ್ಯೋತಿಷ್ಕರು ಬಳಸುವ ಜೂಲಿಯನ್ ದಿನಸಂಖ್ಯೆಯು ಮೇಲೆ ಹೇಳಿದ ದಿನದಲ್ಲಿ 24,56,924ನ್ನು ಮೀರಿದ್ದಿತು. ಇದನ್ನು ದಿನದ ಭಿನ್ನಾಂಶದೊಡನೆ ಒಂದೇ ಡಬಲ್ ಸಂಖ್ಯೆಯಾಗಿ ಬರೆದರೆ, ಒಂದು ಕ್ಷಣಕ್ಕೂ ಮುಂದಿನ ಕ್ಷಣಕ್ಕೂ ಸೆಕೆಂಡಿನ ಹತ್ತು ಲಕ್ಷದಲ್ಲಿ 40 ಭಾಗದಷ್ಟು ಅಂತರ ಬೀಳುವುದು. ಅಷ್ಟರಲ್ಲಿ ಬೆಳಕು 12 ಕಿಲೋಮೀಟರು ಸಾಗುತ್ತದೆ. ವಿಸ್ತೃತ ಸಂಖ್ಯೆಯನ್ನು ಬಳಸಿದರೂ ಸುಮಾರು 6 ಮೀಟರಿನ ಅಂತರವು ಉಳಿಯುವುದು. ಮೇಲಾಗಿ, ಕೆಲವು ಯಂತ್ರಗಳಲ್ಲಿ ಈ ವಿಸ್ತೃತ ಸಂಖ್ಯೆಯೇ ಇಲ್ಲ. ಹೆಸರು ಬೇರೆಯಿದ್ದರೂ ಒಳಗಿರುವುದು ಡಬಲ್ ಸಂಖ್ಯೆಯೇ.

ಇದಕ್ಕೆ ಪರಿಹಾರವು ಸಂಖ್ಯೆಯನ್ನು ಹಿಗ್ಗಿಸುವುದರಲ್ಲಿಲ್ಲ, ಒಡೆಯುವುದರಲ್ಲಿದೆ. ದಿನವನ್ನು ಒಂದು ಡಬಲ್ ಸಂಖ್ಯೆಯಲ್ಲಿಯೂ ದಿನದ ಭಿನ್ನಾಂಶವನ್ನು ಮತ್ತೊಂದರಲ್ಲಿಯೂ ಇರಿಸಿದರೆ ಅಂತರವು ಮೂರು ಮಿಲಿಮೀಟರಿಗೆ ಇಳಿಯುವುದು.

ಪಂಚಾಂಗಗಣಿತವನ್ನು ಬಲ್ಲವರಿಗೆ ಈ ಉಪಾಯವು ಅಪರಿಚಿತವಲ್ಲ. ಕಲ್ಯಾದಿಯಿಂದ ಎಣಿಸಿದ ಅಹರ್ಗಣವು ಈಗ 18 ಲಕ್ಷವನ್ನು ಮೀರಿದೆ. ಗಣೇಶದೈವಜ್ಞನು ಶಕ 1442ನ್ನು ಆರಂಭವಾಗಿಟ್ಟು ರಚಿಸಿದ ‘ಗ್ರಹಲಾಘವ’ದಲ್ಲಿ ಕಾಲವನ್ನು 11 ವರ್ಷಗಳ ಚಕ್ರಗಳಾಗಿ ವಿಭಾಗಿಸಿ, ಚಕ್ರವೊಂದಕ್ಕೆ 4016 ದಿನಗಳನ್ನು ಗಣಿಸಿದ್ದಾನೆ. ಚಕ್ರಸಂಖ್ಯೆ ಬೇರೆ, ಉಳಿದ ದಿನಗಳು ಬೇರೆ. ಆತನ ಉದ್ದೇಶವು ಗಣನೆಯ ಲಾಘವ. ಇಂದಿನವರ ಉದ್ದೇಶವು ಸೂಕ್ಷ್ಮತೆ. ಪ್ರಯೋಜನವು ಭಿನ್ನವಾದರೂ ತತ್ತ್ವವು ಒಂದೇ: ಮಹತ್ತಾದುದನ್ನೂ ಅಲ್ಪವಾದುದನ್ನೂ ಒಂದೇ ಸಂಖ್ಯೆಯಲ್ಲಿ ಹೊರಿಸಿದರೆ ಮೊದಲು ಲೋಪವಾಗುವುದು ಅಲ್ಪವಾದುದೇ.