ಬಿತ್ತನೆಗೆ ಮುನ್ನ ಊರಿನ ಜಲ ಆಯವ್ಯಯ

ರಾಜ್ಯದ ಬಯಲುಸೀಮೆಯ ಬಹುಭಾಗದಲ್ಲಿ ನೆಲದಡಿ ಇರುವುದು ಗಟ್ಟಿ ಶಿಲೆ. ಅದರ ಮೇಲಿನ ಶಿಥಿಲ ಪದರ ಹಾಗೂ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಇಳಿದಂತೆ ಸಾಮಾನ್ಯವಾಗಿ ಬಿರುಕುಗಳು ವಿರಳವಾಗುತ್ತವೆ. ಆದ್ದರಿಂದ ಕೊಳವೆಬಾವಿಯನ್ನು ಆಳಗೊಳಿಸಿದ ಮಾತ್ರಕ್ಕೆ ಹೊಸ ನೀರು ಹುಟ್ಟುವುದಿಲ್ಲ. ಅನೇಕ ವೇಳೆ ನೆರೆಯ ಬಾವಿಯ ನೀರೇ ಇತ್ತ ಹರಿಯುತ್ತದೆ. ಅಂತರ್ಜಲವು ಇಡೀ ಊರಿನ ಜಂಟಿ ಖಾತೆಯಿದ್ದಂತೆ. ಮಳೆಯೇ ಅದರ ಮುಖ್ಯ ಜಮೆ.

ಈ ಖಾತೆಯ ಲೆಕ್ಕ ಸರಳ. ಒಂದು ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆ ಎಂದರೆ 10 ಘನ ಮೀಟರ್ ನೀರು. ಉದಾಹರಣೆಗೆ, 1,000 ಹೆಕ್ಟೇರ್ ವಿಸ್ತೀರ್ಣದ ಗ್ರಾಮದಲ್ಲಿ 600 ಮಿ.ಮೀ. ಮಳೆಯಾದರೆ 60 ಲಕ್ಷ ಘನ ಮೀಟರ್. ಅದರ ಹತ್ತನೇ ಒಂದು ಭಾಗ ಇಂಗಿತೆಂದು ಭಾವಿಸಿದರೆ ಜಮೆ 6 ಲಕ್ಷ. ಕುಡಿಯುವ ನೀರು, ಜಾನುವಾರು ಹಾಗೂ ಬರಗಾಲಕ್ಕಾಗಿ 1.8 ಲಕ್ಷವನ್ನು ಕಾಯ್ದಿರಿಸಿದರೆ ಕೃಷಿಗೆ ಉಳಿಯುವುದು 4.2 ಲಕ್ಷ. ಭತ್ತಕ್ಕೆ ಹೆಕ್ಟೇರಿಗೆ 12,000 ಘನ ಮೀಟರ್ ಬೇಕೆಂದರೆ 35 ಹೆಕ್ಟೇರಿಗೆ ಖಾತೆ ಬರಿದು. ರಾಗಿಗೆ 4,000 ಸಾಕೆಂದರೆ 105 ಹೆಕ್ಟೇರಿಗೆ ನೀರು ದೊರೆಯುತ್ತದೆ.

ಹನಿ ನೀರಾವರಿಯಿಂದ ನೀರು ಉಳಿಯುವುದು ನಿಜ. ಆದರೆ ಉಳಿದ ನೀರಿನಿಂದ ಇನ್ನೆರಡು ಎಕರೆಗೆ ಅಡಿಕೆ ಸಸಿ ನೆಟ್ಟರೆ ಒಟ್ಟು ಬಳಕೆ ಇಳಿಯುವುದಿಲ್ಲ. ಉಪಕರಣದ ಜೊತೆಗೆ ಬೆಳೆ ಪ್ರದೇಶಕ್ಕೂ ಮಿತಿ ಇರಬೇಕು.

ಅಧಿಕೃತ ಮೌಲ್ಯಮಾಪನದಲ್ಲಿ ಅಂತರ್ಜಲ ಬಳಕೆ ಶೇ. 70ರವರೆಗೆ ಇದ್ದರೆ ಸುರಕ್ಷಿತ, 70ರಿಂದ 90 ಅರೆ ಕ್ಲಿಷ್ಟ, 90ರಿಂದ 100 ಕ್ಲಿಷ್ಟ, ಅದಕ್ಕೂ ಮೀರಿದರೆ ಅತಿ ಬಳಕೆ. ಅತಿ ಬಳಕೆಯ ಪ್ರದೇಶದಲ್ಲಿ ರೈತನ ಸಾಲ ಬೆಳೆಯುವುದರ ಜೊತೆಗೆ ಊರಿನ ಕುಡಿಯುವ ನೀರಿನ ಬಾವಿಯೂ ಬತ್ತುವ ಅಪಾಯವಿದೆ. ಈ ಕಾರಣಕ್ಕಾಗಿಯೇ 1999ರ ರಾಜ್ಯ ಕಾಯ್ದೆಯು ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಬಾವಿ ತೋಡಲು ಸಕ್ಷಮ ಪ್ರಾಧಿಕಾರದ ಅನುಮತಿಯನ್ನು ಕಡ್ಡಾಯಗೊಳಿಸಿದೆ.

ಸದಸ್ಯರು ತಮ್ಮ ವಾರ್ಡಿನಲ್ಲಿ ಕೈಗೊಳ್ಳಬಹುದಾದ ಕ್ರಮಗಳು:

1. ಒಂದು ನಿಗದಿತ ಬಾವಿಯ ನೀರಿನ ಮಟ್ಟವನ್ನು ಮುಂಗಾರಿಗೆ ಮೊದಲು ಹಾಗೂ ಮಳೆಗಾಲ ಮುಗಿದ ನಂತರ ಅಳೆದು, ಪಂಚಾಯಿತಿ ಗೋಡೆಯ ಮೇಲೆ ಬರೆಸುವುದು.

2. ಹಿಂಗಾರು ಬಿತ್ತನೆಗೆ ಮುನ್ನ ಗ್ರಾಮಸಭೆಯಲ್ಲಿ ಜಲ ಆಯವ್ಯಯವನ್ನು ಮಂಡಿಸಿ, ಬೆಳೆಯ ಆಯ್ಕೆ ಕುರಿತು ರೈತರೊಡನೆ ಚರ್ಚಿಸುವುದು.

3. ಬದು, ಕೃಷಿ ಹೊಂಡ, ಇಂಗುಗುಂಡಿ ಹಾಗೂ ಕೆರೆ ಹೂಳೆತ್ತುವ ಕಾಮಗಾರಿಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

ಇಂಗಿಸುವ ಕಾಮಗಾರಿಗಳು ಜಮೆಯನ್ನು ಹೆಚ್ಚಿಸುತ್ತವೆ. ಖರ್ಚಿಗೆ ಮಿತಿ ಹಾಕಬಲ್ಲದ್ದು ಗ್ರಾಮಸಭೆಯ ಒಮ್ಮತದ ತೀರ್ಮಾನವೇ.